ಮೂರೂವರೆ ಕಿಲೋ ಬಂದೂಕು: ಫೂಲನ್ ದೇವಿಯ ಕಿರುಚಿತ್ರಕ್ಕೆ ಸಾಮಗ್ರಿ ಕಟ್ಟಿದ ದಿನಚರಿ

ಡಕಾಯಿತರ ಗುಂಪಿನ ನಾಯಕಿಯಾಗಿದ್ದ ಫೂಲನ್ ದೇವಿ ಶರಣಾಗುವ ಹಿಂದಿನ ರಾತ್ರಿಯನ್ನು ಕುರಿತು ಬಾಗಲಕೋಟೆಯ ನಾವು ಐವರು ಗೆಳೆಯರು ಸೇರಿ ಮಾಡಿದ 28 ನಿಮಿಷಗಳ ಕಿರುಚಿತ್ರದ ಧ್ವನಿ ಜೋಡಣೆ ಮೊನ್ನೆ ಮುಗಿಯಿತು. ತಲಾ 24,000 ರೂಪಾಯಿ ಹಾಕಿ 1,20,000 ರೂಪಾಯಿಯಲ್ಲಿ ಮುಗಿಸಬೇಕೆಂದು ಹೊರಟವರು ನಾವು. ನವನಗರದಲ್ಲಿ ಬಡಿಗತನದ ಅಂಗಡಿ ಇಟ್ಟುಕೊಂಡಿರುವ ನನ್ನ ಪಾಲಿಗೆ ಬಂದೂಕು, ಜಾಗ, ವೇಷ ಮತ್ತು ಬೆಳಕಿನ ಕೆಲಸ ಬಂದಿತ್ತು. ಯಾವ ದಿನ ಏನು ಮಾಡಿದೆ, ಎಷ್ಟು ಖರ್ಚಾಯಿತು, ಎಲ್ಲಿ ತಪ್ಪಿದೆ ಎಂಬುದನ್ನು ಅಂಗಡಿಯ ವಹಿಯ ಹಿಂಬದಿಯ ಹಾಳೆಗಳಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಒಪ್ಪವಾಗಿ ಬರೆಯುತ್ತಿದ್ದೇನೆ.

ಕೆಲಸದ ವಿವರಕ್ಕೆ ಹೋಗುವ ಮೊದಲು ಚಿತ್ರದ ಕೊನೆಯ ದೃಶ್ಯವನ್ನು ಹೇಳಬೇಕು, ಏಕೆಂದರೆ ನನ್ನ ಎಲ್ಲ ಅಳತೆಗಳೂ ಅದರಿಂದಲೇ ಹುಟ್ಟಿದವು. 1983ರ ಫೆಬ್ರುವರಿ 12ರಂದು ಮಧ್ಯಪ್ರದೇಶದ ಭಿಂಡ್‌ನಲ್ಲಿ, ಮುಖ್ಯಮಂತ್ರಿ ಅರ್ಜುನ್ ಸಿಂಗ್ ಅವರ ಸಮ್ಮುಖದಲ್ಲಿ, ಸಾವಿರಾರು ಜನ ನೋಡುತ್ತಿರುವಾಗ, ತಲೆಗೆ ಕೆಂಪು ಪಟ್ಟಿ ಕಟ್ಟಿದ್ದ ಫೂಲನ್ ವೇದಿಕೆ ಹತ್ತಿ ಗಾಂಧೀಜಿ ಮತ್ತು ದುರ್ಗೆಯ ಚಿತ್ರಗಳ ಮುಂದೆ ತನ್ನ ಬಂದೂಕನ್ನು ಇಟ್ಟಳು. 1963ರ ಆಗಸ್ಟ್‌ನಲ್ಲಿ ಹುಟ್ಟಿದ ಆಕೆಗೆ ಆ ದಿನ ಇನ್ನೂ 20 ತುಂಬಿರಲಿಲ್ಲ. ನಮ್ಮ ಚಿತ್ರ ಅಲ್ಲಿಗೆ ಮುಗಿಯುತ್ತದೆ. ನಂತರದ ಹನ್ನೊಂದು ವರ್ಷಗಳ ಸೆರೆಮನೆಯಾಗಲಿ, 1996ರಲ್ಲಿ ಮಿರ್ಜಾಪುರದಿಂದ ಲೋಕಸಭೆಗೆ ಗೆದ್ದದ್ದಾಗಲಿ, 2001ರ ಜುಲೈ 25ರಂದು ದೆಹಲಿಯ ಮನೆಯೆದುರು ಗುಂಡಿಗೆ ಬಲಿಯಾದದ್ದಾಗಲಿ ಚಿತ್ರದಲ್ಲಿಲ್ಲ. 1981ರ ಫೆಬ್ರುವರಿ 14ರಂದು ಉತ್ತರಪ್ರದೇಶದ ಬೆಹ್ಮಾಯಿ ಹಳ್ಳಿಯಲ್ಲಿ 20 ಗಂಡಸರು ಕೊಲೆಯಾದ, ಆಕೆಯ ಗುಂಪಿನ ಮೇಲೆ ಆರೋಪ ಬಂದ ಘಟನೆಯನ್ನೂ ನಾವು ತೋರಿಸಿಲ್ಲ. ಜೊತೆಗಾರನೊಬ್ಬ ಆ ರಾತ್ರಿ ಅದರ ಬಗ್ಗೆ ಕೇಳುತ್ತಾನೆ, ಆಕೆ ಬಹಳ ಹೊತ್ತು ಸುಮ್ಮನಿರುತ್ತಾಳೆ. ಆಕೆಯ ಮೇಲಾದ ಅತ್ಯಾಚಾರವನ್ನು ತೋರಿಸಬಾರದೆಂದು ಮೊದಲ ಸಭೆಯಲ್ಲಿಯೇ ತೀರ್ಮಾನಿಸಿದ್ದೆವು. ಅದನ್ನು ತೋರಿಸಿದ, ತನ್ನ ಬದುಕಿನ ಮೇಲೆ ತೆಗೆದ ಸಿನಿಮಾದ ವಿರುದ್ಧ 1994ರಲ್ಲಿ ಆಕೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಳು. ಅದನ್ನು ತಿಳಿದ ಮೇಲೂ ನಾವು ಅದೇ ದಾರಿ ಹಿಡಿಯುವುದು ನನ್ನ ಮನಸ್ಸಿಗೆ ಒಪ್ಪುವಂಥದ್ದಾಗಿರಲಿಲ್ಲ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದಾಗ ಉಳಿದದ್ದು ಒಬ್ಬ ಹುಡುಗಿ, ಒಂದು ರಾತ್ರಿ ಮತ್ತು ಒಂದು ಬಂದೂಕು.

ಹಂತ 1. ಮೊದಲ ಬಂದೂಕು, ಫೆಬ್ರುವರಿ 9ರಿಂದ 13

ಆ ಕಾಲದಲ್ಲಿ ಪೊಲೀಸರ ಕೈಯಲ್ಲಿರುತ್ತಿದ್ದ ತ್ರೀ ನಾಟ್ ತ್ರೀ ರೈಫಲ್ಲನ್ನೇ ಮಾದರಿಯಾಗಿ ಇಟ್ಟುಕೊಂಡೆ. ಅದರ ಒಟ್ಟು ಉದ್ದ 44.5 ಇಂಚು, ನಳಿಕೆಯ ಉದ್ದ 25.2 ಇಂಚು, ತೂಕ ಸುಮಾರು 3.9 ಕಿಲೋ. ಉದ್ದದ ಅಳತೆಗಳನ್ನು ಅಕ್ಷರಶಃ ಪಾಲಿಸಿ ತೂಕವನ್ನು ಕಡೆಗಣಿಸಿದ್ದು ನನ್ನ ಮೊದಲ ತಪ್ಪು. 18 ಎಂಎಂ ಪ್ಲೈವುಡ್ಡಿನ ಎರಡು ಪದರಗಳನ್ನು ಫೆವಿಕಾಲ್ ಹಾಕಿ ಅಂಟಿಸಿ ಹಿಡಿಯನ್ನು ಕತ್ತರಿಸಿದೆ, ತೂಕ ಕಡಿಮೆಯಾಗಲೆಂದು ಒಳಗೆ ಟೊಳ್ಳು ಮಾಡಿದೆ, ನಳಿಕೆಗೆ ಪಿವಿಸಿ ಪೈಪು ಹಾಕಿದೆ. ನಟಿಗೆ ಭಾರವಾಗದಿರಲಿ ಎಂಬ ಕಾಳಜಿ ನನಗಿತ್ತು. ತೂಗಿದಾಗ 940 ಗ್ರಾಂ ಬಂದಿತು. ಖರ್ಚು 1,100 ರೂಪಾಯಿ. ಮೇಜಿನ ಮೇಲೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದರೆ ಯಾರೂ ಅನುಮಾನಿಸದಷ್ಟು ಚೆನ್ನಾಗಿ ಕಾಣುತ್ತಿತ್ತು.

ಫೆಬ್ರುವರಿ 13ರ ಸಂಜೆ ತಾಲೀಮಿನಲ್ಲಿ ಅದನ್ನು ಫೂಲನ್ ಪಾತ್ರದ ಹುಡುಗಿಯ ಕೈಗೆ ಕೊಟ್ಟೆವು. ಆಕೆಗೆ 20 ವರ್ಷ, ಹೈಸ್ಕೂಲಿನಿಂದಲೇ ಊರ ಜಾತ್ರೆಯ ನಾಟಕಗಳಲ್ಲಿ ಪಾತ್ರ ಮಾಡಿದವಳು, ಫೂಲನ್‌ಳಂತೆಯೇ ಎತ್ತರ ಕಡಿಮೆ. ಆಕೆ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದಳು, ಕೂತಳು, ಎದ್ದಳು. ಹೆಗಲು ಒಂದಿಷ್ಟೂ ಇಳಿಯಲಿಲ್ಲ. ಎದ್ದೇಳುವಾಗ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿಬಿಟ್ಟಳು. ಕೊನೆಯ ದೃಶ್ಯದಲ್ಲಿ ವೇದಿಕೆಯ ಮೇಲೆ ಇಟ್ಟಾಗ ಬಂದ ಸದ್ದು ಖಾಲಿ ರಟ್ಟಿನ ಡಬ್ಬಿಯದು. ನಾವೆಲ್ಲ ಸುಮ್ಮನಿದ್ದಾಗ ಆಕೆಯೇ, "ಅಣ್ಣಾರ, ಇದು ಬಡಿಗಿ ಆಗೇತಿ, ಬಂದೂಕ ಆಗಿಲ್ಲ. ಭಾರ ಇಲ್ಲದ್ದನ್ನ ನಾ ಹೆಂಗ ಕೆಳಗ ಇಡ್ಲಿ?" ಎಂದಳು. ನಾಲ್ಕು ವರ್ಷ ಹೆಗಲ ಮೇಲೆ ಹೊತ್ತ ಭಾರವನ್ನು ಇಳಿಸುವ ಕ್ಷಣವೇ ಚಿತ್ರದ ಜೀವ. ಆ ಭಾರವನ್ನು ನಾನೇ ಕೊರೆದು ತೆಗೆದಿದ್ದೆ.

ಹಂತ 2. ಎರಡನೆಯ ಬಂದೂಕು, ಫೆಬ್ರುವರಿ 20ರಿಂದ ಮಾರ್ಚ್ 16

ಈ ಬಾರಿ ಹಿಡಿಗೆ ಒಂದೂವರೆ ಇಂಚು ದಪ್ಪದ, ಚೆನ್ನಾಗಿ ಒಣಗಿದ ಬೇವಿನ ಹಲಗೆ ತೆಗೆದುಕೊಂಡೆ. ಗರಗಸದಿಂದ ಆಕಾರಕ್ಕೆ ಕತ್ತರಿಸಿ, ರಂದಾ ಹೊಡೆದು, ಉಳಿಯಿಂದ ಪೈಪಿನ ಕಾಲುವೆ ತೋಡಿ ಮುಗಿಸಿದಾಗ 1,350 ಗ್ರಾಂ ಇತ್ತು. ನಳಿಕೆಗೆ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಸರಿಹೋಯಿತು. ಅದರ ಹೊರ ವ್ಯಾಸ 21.3 ಎಂಎಂ; ಲೇತ್‌ಗೆ ಕೊಟ್ಟು ತುದಿಯ ಕಡೆ ಸ್ವಲ್ಪ ಸಣ್ಣ ಮಾಡಿಸಿದೆ. ಪೈಪಿನ ಬಾಯಿಂದ 20 ಎಂಎಂ ಒಳಗೆ ವೆಲ್ಡಿಂಗ್ ಹಾಕಿ ಮುಚ್ಚಿಸಿದೆನಾದ್ದರಿಂದ ನೋಡಲು ಟೊಳ್ಳಾಗಿ ಕಂಡರೂ ಅದರಲ್ಲಿ ಏನನ್ನೂ ತುಂಬಲು ಸಾಧ್ಯವಿಲ್ಲ. ಇಂಥ ಕೆಲಸಕ್ಕೆ ಕೈಹಾಕುವವರು ಈ ಒಂದು ವೆಲ್ಡಿಂಗನ್ನು ಯಾವ ಕಾರಣಕ್ಕೂ ಬಿಡಬಾರದು. ಗುಂಡು ತುಂಬುವ ಮ್ಯಾಗಝೀನ್ ಪೆಟ್ಟಿಗೆ ಮತ್ತು ಕುದುರೆಯ (ಟ್ರಿಗರ್) ಸುತ್ತಲಿನ ಕಾವಲುಪಟ್ಟಿಯನ್ನು 16 ಗೇಜಿನ ತಗಡಿನಲ್ಲಿ ಮಾಡಿಸಿದೆ.

ರೈಫಲ್ಲಿಗೆ ಗುಂಡು ಏರಿಸಲು ಹಿಂದೆ ಮುಂದೆ ಎಳೆಯುವ ಬೋಲ್ಟಿಗೆ ಏನು ಮಾಡುವುದೆಂದು ಮೂರು ದಿನ ತಲೆಕೆಡಿಸಿಕೊಂಡೆ. ಕೊನೆಗೆ ಉತ್ತರ ಅಂಗಡಿಯ ಗೋಡೆಯ ಮೇಲೆಯೇ ತೂಗುಹಾಕಿತ್ತು: ಬಾಗಿಲಿಗೆ ಹಾಕುವ ಆರು ಇಂಚಿನ ಕಬ್ಬಿಣದ ಟವರ್ ಬೋಲ್ಟು. ಅದರ ಸರಳನ್ನು ಹಿಂದೆ ಎಳೆದು, ಮುಂದೆ ತಳ್ಳಿ, ಬಲಕ್ಕೆ ಮಡಚಿದರೆ ರೈಫಲ್ಲಿನ ಬೋಲ್ಟ್ ಎಳೆದ ಹಾಗೆಯೇ ಕಾಣುತ್ತದೆ, ಸದ್ದೂ ಬಹುಮಟ್ಟಿಗೆ ಹಾಗೆಯೇ ಬರುತ್ತದೆ. ಮೊದಲನೆಯದು ತೀರ ಸಡಿಲವಾಗಿತ್ತು. ಎರಡನೆಯದನ್ನು ಅಂಗಡಿಯಲ್ಲಿ ಹತ್ತಾರು ಚಿಲಕಗಳನ್ನು ಎಳೆದು ನೋಡಿ ಆರಿಸಿ ತಂದೆ. ಎರಡಕ್ಕೂ ಸೇರಿ 180 ರೂಪಾಯಿ ಆಯಿತು.

ತೂಕ ಹೆಚ್ಚಿಸಲು ಪೈಪಿನೊಳಗೆ ಪೂರ್ತಿ ಉದ್ದಕ್ಕೆ 12 ಎಂಎಂ ಕಬ್ಬಿಣದ ಸರಳು ಇಳಿಸಿದೆ. ತಕ್ಕಡಿಯಲ್ಲಿ 3 ಕಿಲೋ 350 ಗ್ರಾಂ ಬಂದಾಗ ಕೆಲಸ ಮುಗಿಯಿತೆಂದುಕೊಂಡೆ. ಆದರೆ ಹುಡುಗಿ ಎತ್ತಿದ ಕೂಡಲೇ ಬಂದೂಕಿನ ಮೂತಿ ನೆಲಕ್ಕೆ ಬಾಗಿತು. ತೂಕವೆಲ್ಲ ಮುಂದಕ್ಕೆ ಹೋಗಿತ್ತು. ಹಗ್ಗದ ಕುಣಿಕೆಯಲ್ಲಿ ತೂಗುಬಿಟ್ಟು ನೋಡಿದಾಗ ಸಮತೋಲದ ಬಿಂದು ಮ್ಯಾಗಝೀನಿನಿಂದ ಒಂದು ಗೇಣು ಮುಂದಿತ್ತು. ಅದು ಮ್ಯಾಗಝೀನಿನ ಹತ್ತಿರವೇ ಇರಬೇಕು. ಸರಳನ್ನು ಹೊರತೆಗೆದು, ಹಿಡಿಯ ಹಿಂಭಾಗದಲ್ಲಿ 22 ಎಂಎಂ ಬೈರಿಗೆಯಿಂದ 180 ಎಂಎಂ ಆಳದ ತೂತು ಕೊರೆದು, ಅದರಲ್ಲಿ 20 ಎಂಎಂ ಸರಳಿನ ತುಂಡನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿದೆ. ಪೈಪಿನ ಹಿಂಬದಿಯಲ್ಲಿ ಮಾತ್ರ 200 ಎಂಎಂ ಉದ್ದದ ಸಣ್ಣ ಸರಳು ಉಳಿಸಿದೆ. ತೂಕ ಅಷ್ಟೇ ಉಳಿಯಿತು, ಬಂದೂಕು ಮಾತ್ರ ಬೇರೆಯಾಯಿತು. ಕ್ಯಾನ್ವಾಸ್ ಪಟ್ಟಿ ಸೇರಿ ಒಟ್ಟು ಮೂರೂವರೆ ಕಿಲೋ.

ಬಣ್ಣದಲ್ಲಿ ಎರಡು ತಪ್ಪು ಮಾಡಿದೆ. ಜಿಐ ಪೈಪಿನ ಮೇಲೆ ನೇರವಾಗಿ ಕಪ್ಪು ಮ್ಯಾಟ್ ಬಣ್ಣ ಹೊಡೆದದ್ದು ಮೊದಲನೆಯದು. ಸತುವಿನ ಲೇಪದ ಮೇಲೆ ಅದು ಹಿಡಿಯದೆ, ಎರಡನೆಯ ದಿನವೇ ಬೆವರಿನ ಕೈ ತಾಗಿದಲ್ಲೆಲ್ಲ ಸಿಪ್ಪೆಯಂತೆ ಎದ್ದು ಬಂದಿತು. ಎಲ್ಲವನ್ನೂ ಕೆರೆದು, 120 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ವಾಶ್ ಪ್ರೈಮರ್ ಹೊಡೆದು, ಆಮೇಲೆ ಕಪ್ಪು ಬಣ್ಣ ಕೊಟ್ಟೆ. ಒಣಗಿದ ಮೇಲೆ ಪೆನ್ಸಿಲಿನ ಸೀಸದ ಪುಡಿಯನ್ನು ಬಟ್ಟೆಯಿಂದ ತಿಕ್ಕಿದಾಗ ಹಳೆಯ ಉಕ್ಕಿನ ಮಂದ ಹೊಳಪು ಬಂದಿತು. ಎರಡನೆಯ ತಪ್ಪು ಹಿಡಿಗೆ ಹಚ್ಚಿದ ಅಗಸಿ ಎಣ್ಣೆಯದು. ರೈಫಲ್ ಹಿಡಿಗಳಿಗೆ ಅಗಸಿ ಎಣ್ಣೆಯೇ ಸರಿಯಾದ ಲೇಪ, ನಮ್ಮ ಕಡೆ ಗಾಣದ ಎಣ್ಣೆ ಸುಲಭವಾಗಿ ಸಿಗುತ್ತದೆ ಎಂದು ಅರ್ಧ ಲೀಟರ್ ತಂದು ಧಾರಾಳವಾಗಿ ಹಚ್ಚಿದೆ. ಗಾಣದ ಹಸಿ ಎಣ್ಣೆ ಒಣಗುವುದಕ್ಕೆ ವಾರಗಟ್ಟಲೆ ಬೇಕು. ಬಣ್ಣದಂಗಡಿಯಲ್ಲಿ ಸಿಗುವ, ಬೇಗ ಒಣಗುವ ಎಣ್ಣೆಯೇ ಬೇರೆ. ಹತ್ತು ದಿನ ಕಳೆದರೂ ಹಿಡಿ ಕೈಗೆ ಅಂಟುತ್ತಿತ್ತು, ಧೂಳನ್ನೆಲ್ಲ ಹಿಡಿಯುತ್ತಿತ್ತು. ಟರ್ಪೆಂಟೈನಿನಿಂದ ಒರೆಸಿ, ಬಿಸಿಲಿಗಿಟ್ಟು, ತೆಳುವಾಗಿ ಇನ್ನೊಮ್ಮೆ ಹಚ್ಚಬೇಕಾಯಿತು. ಈ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಿದರೆ ತಾವಾಗಿಯೇ ಕಾವು ಏರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅವುಗಳನ್ನು ಬಿಚ್ಚಿ ಹರವಿಯೇ ಒಣಗಿಸಬೇಕು.

ಈ ಬಂದೂಕಿಗೆ ಒಟ್ಟು 4,350 ರೂಪಾಯಿ ತಗಲಿತು. ದೂರದಿಂದ ಮಾತ್ರ ಕಾಣುವ ಜೊತೆಗಾರರಿಗೆ ತಲಾ 700 ರೂಪಾಯಿಯಂತೆ ಐದು ಹಗುರ ಬಂದೂಕುಗಳನ್ನು ಮಾಡಿದೆ. ಗುಂಡು ಹಾರುವ ದೃಶ್ಯ ಚಿತ್ರದಲ್ಲಿ ಒಂದೂ ಇಲ್ಲ.

ಹಂತ 3. ಜಾಗ, ಮಾರ್ಚ್ 18ರಿಂದ 30

ಡಕಾಯಿತರೆಂದರೆ ನಮ್ಮ ಕಣ್ಣಿಗೆ ಬಂಡೆಗಲ್ಲು ಬರುತ್ತದೆ. ಹಾಗಾಗಿ ಮೊದಲು ಬಾದಾಮಿಯ ಕಡೆ ಹೋದೆವು. ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕಾದ್ದರಿಂದ ಅವುಗಳಿಂದ ದೂರದ ಗುಡ್ಡದಲ್ಲಿ ಒಂದು ದಿನದ ಪರೀಕ್ಷಾ ಚಿತ್ರೀಕರಣ ಮಾಡಿದೆವು. ಪರದೆಯ ಮೇಲೆ ನೋಡಿದಾಗ ತಪ್ಪು ಸ್ಪಷ್ಟವಾಯಿತು. ಆ ಕೆಂಪು ಮರಳುಗಲ್ಲು ನಮ್ಮ ಬಾದಾಮಿಯೇ ಹೊರತು ಬೇರೆ ಯಾವ ಊರೂ ಆಗುವುದಿಲ್ಲ. ಫೂಲನ್ ಹುಟ್ಟಿದ ಜಾಲೌನ್ ಜಿಲ್ಲೆಯ ಊರಾಗಲಿ ಬೆಹ್ಮಾಯಿಯಾಗಲಿ ಯಮುನೆಯ ಬದಿಯ ನಾಡು. ಅಲ್ಲಿನ ಬೀಹಡ್ ಎಂದರೆ ಬಂಡೆಯಲ್ಲ, ಮಳೆನೀರು ಕೊರೆದು ಮಾಡಿದ ಮೆತ್ತನೆಯ ಮಣ್ಣಿನ ಆಳವಾದ ಕೊರಕಲು.

ಅಂಥ ಮಣ್ಣು ನಮಗೆ ಮನೆಯ ಹತ್ತಿರವೇ ಸಿಕ್ಕಿತು. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ಘಟಪ್ರಭೆಯ ಗುಂಟ ನಮ್ಮ ಹಳೆಯ ಬಾಗಲಕೋಟೆಯವರೆಗೂ ನಿಲ್ಲುವ ಹಿನ್ನೀರು ಬೇಸಿಗೆಯಲ್ಲಿ ಇಳಿದುಹೋಗುತ್ತದೆ. ಆಗ ದಂಡೆಯ ಮಣ್ಣು ಬೂದು ಹಳದಿಯಾಗಿ ಒಣಗಿ ಬಿರಿಯುತ್ತದೆ. ಇಟ್ಟಂಗಿ ಭಟ್ಟಿಯವರು ಮಣ್ಣು ತೆಗೆದು ಬಿಟ್ಟ ಒಂದು ಕಡೆ 12 ಅಡಿ ಆಳದ, ಎರಡು ಆಳು ಅಕ್ಕಪಕ್ಕ ನಡೆಯುವಷ್ಟು ಅಗಲದ ಕೊರಕಲು ಸುಮಾರು 150 ಅಡಿ ಉದ್ದಕ್ಕೆ ಇತ್ತು. ಕ್ಯಾಮೆರಾವನ್ನು ನೆಲಕ್ಕೆ ಇಳಿಸಿ ಮೇಲಕ್ಕೆ ನೋಡುವಂತೆ ಇಟ್ಟರೆ ಅದಕ್ಕೆ ಕೊನೆಯೇ ಇಲ್ಲವೆನಿಸುತ್ತಿತ್ತು. ಜಾಗದ ಮಾಲೀಕರ ಒಪ್ಪಿಗೆ ಪಡೆದು, ಸಡಿಲ ಮಣ್ಣು ಕುಸಿಯದಂತೆ ಅಂಚಿನ ಮೂರು ಅಡಿಯೊಳಗೆ ಯಾರೂ ನಿಲ್ಲಬಾರದೆಂದು ಸುಣ್ಣದ ಗೆರೆ ಹಾಕಿದೆ.

ಇಲ್ಲಿಯೂ ಒಂದು ತಪ್ಪಾಯಿತು. ಫೂಲನ್ ಮಲ್ಲಾಹ ಸಮುದಾಯದವಳು, ಅಂದರೆ ನಮ್ಮ ಅಂಬಿಗರಂತೆ ದೋಣಿ ನಡೆಸುವ ಜನ. ಅದನ್ನು ಸೂಚಿಸಲು ಹಿನ್ನೀರಿನ ಮೀನುಗಾರರೊಬ್ಬರ ಹರಗೋಲನ್ನು ಇಟ್ಟು ಅರ್ಧ ದಿನ ಚಿತ್ರೀಕರಿಸಿದೆವು. ಆ ದೃಶ್ಯ ಬಹಳ ಸುಂದರವಾಗಿಯೂ ಬಂದಿತ್ತು. ಆದರೆ ಯಮುನೆಯಲ್ಲಿ ಓಡಾಡುವುದು ಹಲಗೆಯ ಉದ್ದ ದೋಣಿ. ದುಂಡನೆಯ ಹರಗೋಲು ಕಂಡ ಕೂಡಲೇ ನೋಡುವವರ ಮನಸ್ಸು ಕೃಷ್ಣೆ ತುಂಗಭದ್ರೆಗಳಿಗೆ ಬಂದುಬಿಡುತ್ತದೆ. ಆ ಅರ್ಧ ದಿನದ ಕೆಲಸವನ್ನು ಪೂರ್ತಿ ಕೈಬಿಟ್ಟೆವು. ಒಂದು ಹುಟ್ಟನ್ನು ಮಾತ್ರ ಕೊರಕಲಿನ ಗೋಡೆಗೆ ಒರಗಿಸಿಟ್ಟೆವು.

ಹಂತ 4. ವೇಷ

ಖಾಕಿ ಅಂಗಿ ಪ್ಯಾಂಟುಗಳನ್ನು ಬಟ್ಟೆ ತಂದು ಹೊಲಿಸಿ, ಆರು ಬಾರಿ ಸೋಡಾ ಹಾಕಿ ಒಗೆಸಿ, ದಂಡೆಯ ಮಣ್ಣಿನಲ್ಲಿ ಹೊರಳಿಸಿದೆವು. ಹೊದಿಕೆಗೆ ಮೊದಲು ನಮ್ಮ ಕರಿ ಕಂಬಳಿ ಕೊಟ್ಟಿದ್ದೆ. ಹುಡುಗಿ ಅದನ್ನು ಹೊದ್ದ ಕೂಡಲೇ ನಮ್ಮ ಕುರಿಗಾಹಿ ಹೆಣ್ಣುಮಗಳಾಗಿ ಕಂಡಳು. ಕಂದು ಬಣ್ಣದ ಉಣ್ಣೆಯ ಶಾಲು ತಂದ ಮೇಲೆ ಸರಿಹೋಯಿತು. ಕಥೆ ಫೆಬ್ರುವರಿಯ ಚಳಿಯದು, ಚಿತ್ರೀಕರಣ ಏಪ್ರಿಲ್‌ನ ಸೆಕೆಯಲ್ಲಿ ನಡೆದದ್ದು. ಶಾಲಿನೊಳಗೆ ಬೆವರು ಇಳಿದು ಖಾಕಿಯ ಮೇಲೆ ಕಲೆ ಮೂಡುತ್ತಿದ್ದುದರಿಂದ ಶಾಲಿನ ದೃಶ್ಯಗಳನ್ನೆಲ್ಲ ನಸುಕಿನ 4ರಿಂದ 6 ಗಂಟೆಯೊಳಗೆ ಮುಗಿಸಿದೆವು. ಒಟ್ಟು ಖರ್ಚು 11,200 ರೂಪಾಯಿ.

ಹಂತ 5. ಬೆಳಕು, ಏಪ್ರಿಲ್ 10ರಿಂದ 12

ರಾತ್ರಿಯಿಡೀ ಒಂದು ಕಂದೀಲಿನ ಬೆಳಕಿನಲ್ಲಿ ನಡೆಯುವ ಕಥೆ ಇದು. ಕಂದೀಲಿನೊಳಗೆ ಅಗ್ಗದ ಎಲ್‌ಇಡಿ ಬಲ್ಬು ಕೂರಿಸಿ ಜನರೇಟರಿಗೆ ಜೋಡಿಸಿದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಮುಖದ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ನಾವು ಸೆಕೆಂಡಿಗೆ 24 ಚೌಕಟ್ಟಿನಂತೆ, 48ರ (ಪ್ರತಿ ಚೌಕಟ್ಟಿಗೆ ಸೆಕೆಂಡಿನ 48ನೆಯ ಒಂದು ಭಾಗ ತೆರೆದಿರುವ) ಷಟರ್‌ನಲ್ಲಿ ತೆಗೆದಿದ್ದೆವು. ಬಲ್ಬಿನ ಮಿಣುಕಿಗೂ ಕ್ಯಾಮೆರಾಕ್ಕೂ ತಾಳ ಕೂಡಿರಲಿಲ್ಲ. 40 ನಿಮಿಷಗಳ ಚಿತ್ರಿಕೆ ಹಾಳಾಯಿತು. ಬೆಹ್ಮಾಯಿಯ ಪ್ರಶ್ನೆ ಬಂದಾಗ ಹುಡುಗಿ ಮೌನವಾಗಿ ಕೂತ ಮೊದಲ ಟೇಕ್ ಅದರಲ್ಲಿಯೇ ಇತ್ತು. ಆಮೇಲೆ ಏಳು ಬಾರಿ ತೆಗೆದರೂ ಆ ಮೌನ ಹಾಗೆ ಮತ್ತೆ ಬರಲಿಲ್ಲ. ಹಣ ಹೋದುದಕ್ಕಿಂತ ಇದು ನನಗೆ ಈಗಲೂ ಹೆಚ್ಚು ನೋವು ಕೊಡುತ್ತದೆ.

ಬಲ್ಬನ್ನು ತೆಗೆದು, ಹಳದಿ ಬೆಳಕಿನ 12 ವೋಲ್ಟ್ ಎಲ್‌ಇಡಿ ಪಟ್ಟಿಯ ಅರ್ಧ ಅಡಿ ತುಂಡನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಕಂದೀಲಿನ ಗಾಜಿನೊಳಗೆ ಇಟ್ಟೆ, ವೈರನ್ನು ಶಾಲಿನ ಕೆಳಗಿನಿಂದ ಎಳೆದು ಮೋಟರ್ ಸೈಕಲ್ಲಿನ ಬ್ಯಾಟರಿಗೆ ಕೊಟ್ಟೆ. ಬ್ಯಾಟರಿಯ ವಿದ್ಯುತ್ತಿನಲ್ಲಿ ಮಿಣುಕೇ ಇಲ್ಲ. ಕ್ಯಾಮೆರಾವನ್ನು 25 ಚೌಕಟ್ಟು, 50ರ ಷಟರ್‌ಗೆ ಬದಲಿಸಿಕೊಂಡೆವು. ಚಿತ್ರೀಕರಣಕ್ಕೆ ಮೊದಲು ಐದು ನಿಮಿಷ ತೆಗೆದು ದೊಡ್ಡ ಪರದೆಯಲ್ಲಿ ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ.

ಹಂತ 6. ಏಪ್ರಿಲ್ 14ರ ರಾತ್ರಿ

ಇದನ್ನು ಬರೆಯಲೇಬೇಕು. ಆರೂ ಬಂದೂಕುಗಳ ಫೋಟೋ ಅಂಟಿಸಿ, ದಿನಾಂಕ ಮತ್ತು ಜಾಗ ನಮೂದಿಸಿ ಪೊಲೀಸ್ ಠಾಣೆಗೆ ಮುಂಚೆಯೇ ಅರ್ಜಿ ಕೊಟ್ಟಿದ್ದೆವು. ಅಷ್ಟು ಸಾಕೆಂದು ತಿಳಿದು, ಪಕ್ಕದ ಹೊಲಗಳವರಿಗೆ ಹೇಳಿರಲಿಲ್ಲ. ರಾತ್ರಿ ಒಂದೂವರೆಯ ಹೊತ್ತಿಗೆ ಕಬ್ಬಿಗೆ ನೀರು ಬಿಡಲು ಬಂದ ರೈತರೊಬ್ಬರು ಖಾಕಿ ತೊಟ್ಟ ಐದಾರು ಮಂದಿ ಬಂದೂಕು ಹಿಡಿದು ಕೊರಕಲಿನಿಂದ ಏರಿ ಬರುವುದನ್ನು ಕಂಡರು. ಅರ್ಧ ತಾಸಿನಲ್ಲಿ ಇಪ್ಪತ್ತು ಜನ ಬಡಿಗೆ, ಕುಡಗೋಲು, ಬ್ಯಾಟರಿ ಹಿಡಿದು ಮೂರು ಕಡೆಯಿಂದ ಸುತ್ತುವರಿದರು. ನಾನು ಬಂದೂಕುಗಳನ್ನು ಕೆಳಗಿಡುವಂತೆ ಎಲ್ಲರಿಗೂ ಕೂಗಿ ಹೇಳಿ ಕೈ ಮೇಲೆತ್ತಿ ನಿಂತೆ. ಹುಡುಗಿ ತಲೆಯ ಪಟ್ಟಿ ಬಿಚ್ಚಿ ಮುಂದೆ ಬಂದು, "ಯಪ್ಪಾ, ನಾವು ಬಾಗಲಕೋಟಿಯವರದೀವಿ, ಸಿನಿಮಾ ತಗಿಯಾಕ ಬಂದೀವಿ, ನೀವೇ ಬಂದ ನೋಡ್ರಿ" ಎಂದು ಹೇಳಿದಳು. ಹಿರಿಯರೊಬ್ಬರು ಬಂದೂಕನ್ನು ಎತ್ತಿ, ಚಿಲಕವನ್ನು ಎಳೆದು ನೋಡಿದ ಮೇಲೆ ಎಲ್ಲರೂ ಸಮಾಧಾನಗೊಂಡರು. ಅವರದು ಒಂದಿಷ್ಟೂ ತಪ್ಪಿರಲಿಲ್ಲ. ಕತ್ತಲಲ್ಲಿ ಒಂದು ಕಲ್ಲು ಬಂದಿದ್ದರೂ ಅದರ ಹೊಣೆ ನನ್ನದೇ ಆಗುತ್ತಿತ್ತು. ಠಾಣೆಯ ಅರ್ಜಿಯ ನಕಲು ಅಂದು ನನ್ನ ಅಂಗಡಿಯ ಮೇಜಿನಲ್ಲಿತ್ತು, ಜೊತೆಯಲ್ಲಿರಲಿಲ್ಲ. ಮರುದಿನ ಊರ ಹಿರಿಯರನ್ನು ಕಂಡು ಕ್ಷಮೆ ಕೇಳಿ, ಗುಡಿಯ ಮೈಕಿನಲ್ಲಿ ವಿಷಯ ತಿಳಿಸಿ, ಪ್ರತಿ ರಾತ್ರಿ ಊರಿನವರೊಬ್ಬರನ್ನು ನಮ್ಮ ಜೊತೆ ಕೂರಿಸಿಕೊಂಡೆವು.

ಹಂತ 7. ಲೆಕ್ಕ ಮತ್ತು ಧ್ವನಿ, ಮೇ ತಿಂಗಳು

ಮೂರು ಬಗೆಯ ಬಂದೂಕುಗಳಿಗೆ 8,950, ವೇಷಕ್ಕೆ 11,200, ವಾಹನ ಮತ್ತು ಡೀಸೆಲ್‌ಗೆ 18,600, ಊಟ ಚಹಾಕ್ಕೆ 21,000, ಆರು ದಿನದ ಕ್ಯಾಮೆರಾ ಬಾಡಿಗೆ 15,000, ದೀಪ ಮತ್ತು ಜನರೇಟರಿಗೆ 16,400, ಹಾರ್ಡ್ ಡಿಸ್ಕುಗಳಿಗೆ 9,800, ಕಲಾವಿದರ ಗೌರವಧನ 30,000. ಒಟ್ಟು 1,30,950 ರೂಪಾಯಿ. ಹೆಚ್ಚಾದ 10,950ರಲ್ಲಿ ಬಹುಪಾಲು ಕಂದೀಲಿನ ತಪ್ಪಿನಿಂದ ಸೇರಿದ ಒಂದು ರಾತ್ರಿಯದು.

ಹಿನ್ನೀರಿನ ಗಾಳಿಯಲ್ಲಿ ಹಿಡಿದ ಮಾತುಗಳಲ್ಲಿ ಅರ್ಧದಷ್ಟು ಬಳಸಲು ಬರಲಿಲ್ಲ. ಗೆಳೆಯನೊಬ್ಬನ ರಬಕವಿಯ ಮನೆಯ ಒಳಕೋಣೆಯಲ್ಲಿ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿ, ನೆಲಕ್ಕೆ ಗಾದಿ ಹಾಸಿ ಮಾತುಗಳನ್ನು ಮತ್ತೆ ಮುದ್ರಿಸಿಕೊಂಡೆವು. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಷ್ಟು ಚೆನ್ನಾಗಿ ಮಾರ್ದನಿಯನ್ನು ಹೀರುವ ವಸ್ತು ನಮ್ಮ ಬಜೆಟ್ಟಿನಲ್ಲಿ ಬೇರೊಂದಿರಲಿಲ್ಲ. ಆದರೆ ಬೀದಿಯ ಪವರ್‌ಲೂಮುಗಳ ಟಕಟಕ ಗೋಡೆಯ ಮೂಲಕ, ನೆಲದ ಮೂಲಕ ಬರುತ್ತಲೇ ಇತ್ತು. ಹಗಲೂ ರಾತ್ರಿಯೂ ಮಗ್ಗ ನಡೆಯುವ ಊರದು, ನಿಲ್ಲಿಸಿ ಎಂದು ಕೇಳುವ ಹಕ್ಕು ನಮಗಿರಲಿಲ್ಲ. ಕರೆಂಟು ಹೋದಾಗಲೆಲ್ಲ ಓಡಿಬಂದು ಬ್ಯಾಟರಿಯ ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಳ್ಳುತ್ತಾ ನಾಲ್ಕು ದಿನ ಕಳೆದೆವು.

ಕೊನೆಯದು ಬಂದೂಕು ಕೆಳಗಿಡುವ ಸದ್ದು. ವೇದಿಕೆಯನ್ನು ನನ್ನ ಅಂಗಡಿಯ ಹಲಗೆಗಳಿಂದಲೇ 12 ಅಡಿ ಉದ್ದ, 8 ಅಡಿ ಅಗಲಕ್ಕೆ ಕಟ್ಟಿದ್ದೆ. ಸಾವಿರಾರು ಜನರ ಬದಲು 22 ಜನರ ಕಾಲುಗಳನ್ನಷ್ಟೇ ತೋರಿಸಿ ದೃಶ್ಯ ತೆಗೆದಿದ್ದೆವು. ಸ್ಥಳದಲ್ಲಿ ಸಿಕ್ಕ ಸದ್ದಿನ ತುಂಬ ಗಾಳಿ ಇತ್ತು. ಅದೇ ಹಲಗೆಯ ಒಂದು ತುಂಡನ್ನು ರಬಕವಿಗೆ ಒಯ್ದು ಎರಡು ಇಟ್ಟಂಗಿಗಳ ಮೇಲಿಟ್ಟು, ನಾನೇ ಬಂದೂಕನ್ನು ಇಟ್ಟು ನೋಡಿದೆ. ಹತ್ತು ಬಾರಿ ಇಟ್ಟರೂ ಅದು ಬಡಿಗನೊಬ್ಬ ಸಾಮಾನು ಇಳಿಸಿದ ಸದ್ದಾಗಿಯೇ ಕೇಳಿತು. ಹುಡುಗಿಯನ್ನು ಕರೆದು ಕೊಟ್ಟೆವು. ಕರೆಂಟು ಹೋಗಿತ್ತು, ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಆಕೆ ಮೊದಲು ಹಿಡಿಯ ಹಿಂತುದಿಯನ್ನು ಹಲಗೆಗೆ ಊರಿ, ಒಂದು ಉಸಿರಿನಷ್ಟು ತಡೆದು, ನಳಿಕೆಯನ್ನು ಮೆಲ್ಲಗೆ ಇಳಿಸಿದಳು. ಕ್ಯಾನ್ವಾಸ್ ಪಟ್ಟಿಯ ಬಕಲು ಕೊನೆಯಲ್ಲಿ ಹಲಗೆಗೆ ತಾಗಿ ಸಣ್ಣಗೆ ಟಿಣ್ ಎಂದಿತು. ಚಿತ್ರದ 26ನೆಯ ನಿಮಿಷದಲ್ಲಿ ಇರುವುದು ಆ ಹನ್ನೊಂದನೆಯ ಮುದ್ರಿಕೆ.